ಗ್ವಾ ಬಾವ್: ತೈವಾನಿಗೆ ಹೊಸದಾಗಿ ಬಂದವರಿಗೆ

ತೈಪೆಯಾಗಲಿ ಶಿಂಚುವಾಗಲಿ, ನೈಟ್ ಮಾರ್ಕೆಟ್‌ನಲ್ಲಿ ಅರ್ಧಕ್ಕೆ ಮಡಚಿದ ಬಿಳಿ ಬನ್ ಕಂಡರೆ ಅದು ಗ್ವಾ ಬಾವ್. ಒಳಗೆ ಸೋಯಾ ಸಾಸಿನಲ್ಲಿ ಮೆತ್ತಗೆ ಬೇಯಿಸಿದ ಹಂದಿಮಾಂಸ, ಹುಳಿ ಬರಿಸಿದ ಸಾಸಿವೆ ಸೊಪ್ಪು, ಸಕ್ಕರೆ ಬೆರೆಸಿದ ಶೇಂಗಾ ಪುಡಿ, ಕೊತ್ತಂಬರಿ. ಚಾಂದ್ರಮಾನದ 12ನೇ ತಿಂಗಳ 16ಕ್ಕೆ ಬರುವ ‘ವೇ ಯಾ’ (ವರ್ಷಾಂತ್ಯದ ಔತಣ) ದಿನ ಇದನ್ನು ತಿನ್ನುವುದು ಇಲ್ಲಿನ ರೂಢಿ.

ಮಾಂಸ ತಿನ್ನುವವರು ‘ಝೊಂಗ್ ಹ’ ಎಂದು ಕೇಳಿ, ಕೊಬ್ಬು–ಮಾಂಸ ಎರಡೂ ಸಿಗುತ್ತದೆ. ಕೊಬ್ಬಿಲ್ಲದ ‘ಶೌ’ ಸ್ವಲ್ಪ ಒಣ. ಶೇಂಗಾ ಅಲರ್ಜಿ ಇದ್ದರೆ ಈ ಅಂಗಡಿಗಳನ್ನೇ ಬಿಡಿ.

ಸಸ್ಯಾಹಾರಿಗಳು ‘ಮಾಂಸ ಬೇಡ’ ಅಂದರೆ ಸಾಲದು. ಸೊಪ್ಪನ್ನು ಹಂದಿ ಕೊಬ್ಬಿನಲ್ಲಿ ಹುರಿದಿರಬಹುದು, ಬನ್ನಿನ ಹಿಟ್ಟಿಗೂ ಅದೇ ಬಿದ್ದಿರಬಹುದು. ಪಕ್ಕದಲ್ಲಿ ಮಾರುವ ಬೆಳ್ಳನೆಯ ‘ಸ್ಸ ಷೆನ್’ ಸೂಪಿನಲ್ಲಿ ಸಾಮಾನ್ಯವಾಗಿ ಹಂದಿ ಕರುಳಿರುತ್ತದೆ. ‘ಸು ಷಿ’ (ಅಂದರೆ ಸಸ್ಯಾಹಾರ, ಜಪಾನಿನ ಸುಶಿ ಅಲ್ಲ) ಅಂಗಡಿ ಹುಡುಕಿ. ಎಷ್ಟೋ ಬೋರ್ಡುಗಳ ಮೇಲೆ ಸ್ವಸ್ತಿಕ ಇರುತ್ತದೆ. ಪ್ಯಾಕೆಟ್ ಮೇಲೆ ‘ಚ್ವೆನ್ ಸು’ ಅಂತಿದ್ದರೆ ಮೊಟ್ಟೆ, ಹಾಲು, ಈರುಳ್ಳಿ, ಬೆಳ್ಳುಳ್ಳಿ ಯಾವುದೂ ಇಲ್ಲ. ‘ವು ಶಿನ್ ಸು’ ಅಂತಿದ್ದರೆ ಈರುಳ್ಳಿ–ಬೆಳ್ಳುಳ್ಳಿ ಇರಬಹುದು.

ಮನೆಯಲ್ಲಿ ಮಾಡುವುದೇ ನಿಶ್ಚಿಂತೆ. ಮೈದಾಕ್ಕೆ ಇಲ್ಲಿ ‘ಝೊಂಗ್ ಜಿನ್’ ಹಿಟ್ಟು ಕೊಳ್ಳಿ. 300 ಗ್ರಾಂ ಹಿಟ್ಟು, 3 ಗ್ರಾಂ ಇನ್‌ಸ್ಟಂಟ್ ಯೀಸ್ಟ್, 25 ಗ್ರಾಂ ಸಕ್ಕರೆ, ಎರಡು ಚಮಚ ಎಣ್ಣೆ, 150–160 ಮಿ.ಲೀ. ಉಗುರುಬೆಚ್ಚಗಿನ ನೀರು. ಹತ್ತು ನಿಮಿಷ ನಾದಿ, ಕಾಲು ಗಂಟೆ ಮುಚ್ಚಿಡಿ. ಎಂಟು ಉಂಡೆ ಮಾಡಿ, ಉದ್ದುದ್ದಕ್ಕೆ ಲಟ್ಟಿಸಿ, ಮೇಲೆ ಎಣ್ಣೆ ಸವರಿ ಮಡಚಿ. ಎಣ್ಣೆ ಮರೆತರೆ ಬೆಂದ ಮೇಲೆ ಬಾಯಿ ಬಿಡುವುದಿಲ್ಲ. ಒಂದೊಂದರ ಅಡಿಗೂ ಬೇಕಿಂಗ್ ಪೇಪರ್ ಇಟ್ಟು, ಕೈಯಲ್ಲಿ ಎತ್ತಿದರೆ ಹಗುರ ಅನಿಸುವವರೆಗೆ ಹುಬ್ಬಲು ಬಿಡಿ; ಸುಮಾರು ಅರ್ಧ ಗಂಟೆ, ಬೇಸಿಗೆಯಲ್ಲಿ ಇನ್ನೂ ಬೇಗ. ಅತಿಯಾದರೆ ಮೈ ಸುಕ್ಕಾಗುತ್ತದೆ.

ಮಧ್ಯಮ ಉರಿ, ಹತ್ತು ನಿಮಿಷ ಹಬೆ. ಮುಚ್ಚಳಕ್ಕೆ ಬಟ್ಟೆ ಕಟ್ಟಿ, ಇಲ್ಲವಾದರೆ ನೀರು ತೊಟ್ಟಿಕ್ಕಿ ಬನ್ನಿನ ಮೇಲೆ ಗುಳಿ ಬೀಳುತ್ತದೆ. ಒಲೆ ಆರಿಸಿದ ಕೂಡಲೇ ಮುಚ್ಚಳ ತೆಗೆಯುವುದೇ ಎಲ್ಲರೂ ಮಾಡುವ ತಪ್ಪು: ತಣ್ಣನೆ ಗಾಳಿ ತಾಗಿ ಬನ್ ಕುಸಿಯುತ್ತದೆ. ಸ್ವಲ್ಪ ಓರೆ ಮಾಡಿ ಮೂರು ನಿಮಿಷ ಕಾಯಿರಿ.

ಹೂರಣಕ್ಕೆ ಗಟ್ಟಿ ತೋಫು, ಶಿಟಾಕೆ ಅಣಬೆಯನ್ನು ಸೋಯಾ ಸಾಸ್, ಚಕ್ಕೆ, ಚೂರು ಬೆಲ್ಲದೊಂದಿಗೆ ಅರ್ಧ ಗಂಟೆ ಕುದಿಸಿ, ರಸ ಪೂರ್ತಿ ಬಸಿದು ತುಂಬಿ. ಹುರಿದ ಶೇಂಗಾ 100 ಗ್ರಾಮಿಗೆ ಸಕ್ಕರೆ 40 ಗ್ರಾಂ. ಮಿಕ್ಸಿಯನ್ನು ನಿಲ್ಲಿಸಿ ನಿಲ್ಲಿಸಿ ತಿರುಗಿಸಿ, ಒಂದೇ ಸಮ ಓಡಿಸಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಊರಿನ ಶೇಂಗಾ ಚಟ್ನಿಪುಡಿಯೂ ರುಚಿಯೇ, ಆದರೆ ಹುಳಿ ಸೊಪ್ಪಿಗೆ ಸಿಹಿ ಪುಡಿಯೇ ಸರಿಜೋಡಿ.