ಕಾರಿನೊಳಗಿನ ಸಪ್ಪಳ ಹುಡುಕಿದ್ದು ಹೀಗೆ

ಹೋದ ಡಿಸೆಂಬರ್‌ನಲ್ಲಿ ನನ್ನ ಗಾಡಿಯ ಡ್ಯಾಶ್‌ಬೋರ್ಡಿನ ಎಡಗಡೆಯಿಂದ ಕಟಕಟ ಅನ್ನೋ ಸಪ್ಪಳ ಶುರುವಾಯಿತು. ನಾನಿರೋದು ವಿಜಯಪುರ. ಅವ್ವನನ್ನು ನೋಡೋಕೆ ಪ್ರತಿ ಭಾನುವಾರ ಬಸವನ ಬಾಗೇವಾಡಿಗೆ ಹೋಗುತ್ತೇನೆ. ಮನಗೂಳಿವರೆಗೆ ಹೆದ್ದಾರಿ, ಅಲ್ಲಿ ಗಾಡಿ ತೆಪ್ಪಗಿರುತ್ತಿತ್ತು. ಒಳಗಿನ ರಸ್ತೆಗೆ ಹೊರಳಿದರೆ ಸಾಕು, ಕಟಕಟ ಸುರು. ನಮ್ಮ ಕಡೆ ಎರಿ ಭೂಮಿ, ಅಂದರೆ ಕಪ್ಪು ಮಣ್ಣು ಅಲ್ವಾ, ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುತ್ತದೆ. ಅದರ ಮೇಲೆ ಹಾಕಿದ ಡಾಂಬರು ಎರಡೇ ವರ್ಷಕ್ಕೆ ಅಲೆ ಅಲೆಯಾಗುತ್ತದೆ.

ಒಂದು ವರ್ಕ್‌ಶಾಪಿಗೆ ಒಯ್ದೆ. ಡ್ಯಾಶ್‌ಬೋರ್ಡ್ ಪೂರಾ ಬಿಚ್ಚಿ ಮತ್ತೆ ಕೂಡಿಸಿದರು. ಕಟಕಟ ಹೋಗಲಿಲ್ಲ, ಜೊತೆಗೆ ಕಿರ್‌ಕಿರ್ ಅಂತ ಹೊಸದೊಂದು ಬಂತು. "ಎಂಟು ವರ್ಷದ ಗಾಡಿ ಐತ್ರಿ ಸರ, ಇಷ್ಟು ಸಪ್ಪಳ ಇರೋದ" ಅಂದರು. ನನಗೆ ಒಪ್ಪಿಗೆಯಾಗಲಿಲ್ಲ. ಸಡಿಲಾದ ಕ್ಲಿಪ್ಪಿನ ಸಪ್ಪಳಕ್ಕೆ ಕಿವಿ ಒಗ್ಗಿಹೋದರೆ, ನಾಳೆ ಸಸ್ಪೆನ್ಶನ್ ಸವೆದ ಸಪ್ಪಳವೂ ಅದರಲ್ಲೇ ಮುಚ್ಚಿಹೋಗುತ್ತದೆ. ನಾನೇ ಹುಡುಕೋಣ ಅಂತ ಕುಳಿತೆ.

ಮೊದಲು ಗಾಡಿ ಖಾಲಿ ಮಾಡಿದೆ. ಗ್ಲೋವ್ ಬಾಕ್ಸ್, ಬಾಗಿಲ ಜೇಬು, ಸೀಟಿನ ಕೆಳಗೆ, ಡಿಕ್ಕಿ, ಎಲ್ಲಾ. ಸ್ಟೆಪ್ನಿಯ ಬೋಲ್ಟ್ ಅರ್ಧ ಸಡಿಲಾಗಿತ್ತು. ಜಾಕು, ಪಾನಾ ತಮ್ಮ ಜಾಗ ಬಿಟ್ಟು ಉರುಳಾಡುತ್ತಿದ್ದವು. ಇವನ್ನು ಬಿಗಿ ಮಾಡಿದ್ದಕ್ಕೇ ಡಿಕ್ಕಿಯಿಂದ ಬರುತ್ತಿದ್ದ ಗಡಗಡ ಪೂರ್ತಿ ನಿಂತಿತು. ಇದನ್ನು ಮಾಡದೆ ಸ್ಕ್ರೂಡ್ರೈವರ್ ಹಿಡಿಯೋದೇ ಬೇಡ.

ಆಮೇಲೆ ಒಂದು ಸಣ್ಣ ಡೈರಿ ಇಟ್ಟೆ. ಸಪ್ಪಳ ಎಲ್ಲಿಂದ ಅಂತ ಬರೆಯಲಿಲ್ಲ, ಯಾವಾಗ ಅಂತಷ್ಟೇ ಬರೆದೆ. ಎಷ್ಟು ಸ್ಪೀಡು, ಎಂಥ ರಸ್ತೆ, ಬ್ರೇಕ್ ಒತ್ತಿದಾಗಲೋ, ತಿರುವಿನಲ್ಲೋ, ನಿಂತಾಗಲೂ ಇದೆಯೋ, ಬೆಳಿಗ್ಗೆಯೋ ಮಧ್ಯಾಹ್ನವೋ. 'ಎಲ್ಲಿಂದ' ಅನ್ನೋದರಲ್ಲಿ ಕಿವಿ ಮೋಸ ಹೋಗುತ್ತದೆ. ನಮ್ಮ ಗೋಳಗುಮ್ಮಟದ ಮೇಲಿನ ಸಜ್ಜೆಯಲ್ಲಿ ನಿಂತವರಿಗೆ ಇದು ಗೊತ್ತು. ಆ ಕಡೆಯ ಗೋಡೆಗೆ ಪಿಸುಗುಟ್ಟಿದ ಮಾತು ಈ ಕಡೆ ಕಿವಿಯ ಪಕ್ಕದಲ್ಲೇ ಆಡಿದ ಹಾಗೆ ಕೇಳುತ್ತದೆ. ಕಾರಿನ ಮುಂದಿನ ಗ್ಲಾಸೂ ಬಾಗಿದ್ದೇ. ಸಪ್ಪಳ ಒಂದು ಕಡೆ ಹುಟ್ಟಿ ಗ್ಲಾಸಿಗೆ ಬಡಿದು ಇನ್ನೊಂದು ಕಡೆಯಿಂದ ಬಂದ ಹಾಗೆ ಕೇಳಿಸಬಹುದು.

ಸಪ್ಪಳಕ್ಕೆ ಹೆಸರಿಡೋದೂ ಬಹಳ ಉಪಯೋಗಕ್ಕೆ ಬಂತು. ಕಟಕಟ ಅಂದರೆ ಸಂದಿಯಿದ್ದ ಎರಡು ವಸ್ತು ಬಡಿದುಕೊಳ್ಳುತ್ತಿವೆ. ಕಿರ್‌ಕಿರ್ ಅಂದರೆ ತಿಕ್ಕಾಡುತ್ತಿವೆ. ಝುಂಯ್ ಅಂದರೆ ತೆಳ್ಳಗಿನ ತಗಡು ನಡುಗುತ್ತಿದೆ. ಟಕ್ ಟಕ್ ಅಂತ ಭಾರವಾಗಿ ಬಂದರೆ ಅದು ಗಾಡಿಯ ಒಳಗಿನದಲ್ಲ, ಕೆಳಗಿನದು.

ಎರಡು ವಾರದ ಬರಹ ನೋಡಿದರೆ, ಕಟಕಟ ಬೆಳಿಗ್ಗೆ ಜಾಸ್ತಿ. ಬಿಸಿಲೇರಿದ ಮೇಲೆ ವಾಪಸ್ ಬರುವಾಗ ಬಹುತೇಕ ಇಲ್ಲ. ಪ್ಲಾಸ್ಟಿಕ್ ಚಳಿಗೆ ಕುಗ್ಗಿ ಸಂದಿ ಬಿಡುತ್ತದೆ, ಬಿಸಿಗೆ ಹಿಗ್ಗಿ ಬಿಗಿಯಾಗುತ್ತದೆ. ಹಾಗಾದರೆ ಇದು ಪ್ಲಾಸ್ಟಿಕ್ಕಿನದೇ ಅಂತ ಖಾತ್ರಿಯಾಯಿತು.

ಮುಂದಿನ ಭಾನುವಾರ ಅಕ್ಕನ ಮಗನನ್ನು ಕರೆದುಕೊಂಡು ಬೆಳಿಗ್ಗೆ ಆರೂವರೆಗೇ ಹೊರಟೆ. ಗಾಡಿ ಅವನು ಓಡಿಸಿದ, ನಾನು ಪಕ್ಕದಲ್ಲಿ. ಓಡಿಸುತ್ತಾ ಹುಡುಕೋದು ಅಪಾಯ, ಕಿವಿಯೂ ಪೂರ್ತಿ ಆ ಕಡೆ ಇರಲ್ಲ. ಏಸಿ ಫ್ಯಾನ್ ಬಂದ್, ರೇಡಿಯೋ ಬಂದ್, ಗ್ಲಾಸ್ ಏರಿಸಿ. ಇಪ್ಪತ್ತು ಇಪ್ಪತ್ತೈದರ ಸ್ಪೀಡಿನಲ್ಲಿ ಒಂದೊಂದೇ ಭಾಗ ಅಂಗೈಯಿಂದ ಒತ್ತುತ್ತಾ ಹೋದೆ. ಗ್ಲೋವ್ ಬಾಕ್ಸ್ ಒತ್ತಿದರೂ ಕಟಕಟ. ಏಸಿ ಜಾಲರಿ ಒತ್ತಿದರೂ ಕಟಕಟ. ಮುಂದಿನ ಗ್ಲಾಸಿಗೆ ಅಂಗೈ ಇಟ್ಟಾಗ ಒಂದು ಸಣ್ಣ ನಡುಕ ಕೈಗೆ ಸಿಕ್ಕಿತು.

"ಮಾಮಾ, ಇದು ಹೊರಗಿಂದ ಇರಬೇಕ ನೋಡ್ರಿ" ಅಂದ ಹುಡುಗ.

ಬದಿಗೆ ನಿಲ್ಲಿಸಿ ಇಳಿದೆವು. ವೈಪರ್ ಕೆಳಗೆ ಕರಿ ಪ್ಲಾಸ್ಟಿಕ್ ಪಟ್ಟಿ ಇರುತ್ತದಲ್ಲ, ಅದನ್ನು ಎಡಗಡೆ ಬೆರಳಿಂದ ತಟ್ಟಿದೆ. ಕಟ್. ಅದೇ ಸಪ್ಪಳ. ಕಬ್ಬಿನ ಹಂಗಾಮಿನಲ್ಲಿ ಎದುರಿನ ಗಾಡಿಯ ಗಾಲಿಯಿಂದ ಕಲ್ಲು ಸಿಡಿದು ಗ್ಲಾಸ್ ಬದಲಿಸಿದ್ದೆ. ಆಗ ಈ ಪಟ್ಟಿ ಬಿಚ್ಚಿದವರು ಎರಡು ಕ್ಲಿಪ್ ಮುರಿದು, ಹಾಗೇ ಕೂಡಿಸಿದ್ದರು. ಅಲ್ಲೇ ಮಡಿಸಿದ ಕಾಗದ ತುರುಕಿ ಮುಂದೆ ಹೋದೆವು. ಅವ್ವನ ಮನೆ ಮುಟ್ಟೋವರೆಗೆ ಒಂದು ಸಲವೂ ಬರಲಿಲ್ಲ. ಮರುದಿನ ಹೊಸ ಕ್ಲಿಪ್ ತಂದು ಹಾಕಿದೆ, ಪಟ್ಟಿ ಗಾಡಿಯ ತಗಡಿಗೆ ತಾಗುವ ಕಡೆ ತೆಳ್ಳಗಿನ ಫೋಮ್ ಟೇಪ್ ಹಚ್ಚಿದೆ. ಡ್ಯಾಶ್‌ಬೋರ್ಡ್ ಬಿಚ್ಚುವ ಕೆಲಸವೇ ಇರಲಿಲ್ಲ.

ಡ್ಯಾಶ್‌ಬೋರ್ಡಿನ ಕಿರ್‌ಕಿರ್‌ಗೆ ಬಟ್ಟೆ ಟೇಪ್ ಸಾಕಾಯಿತು. ಪ್ಲಾಸ್ಟಿಕ್ಕಿಗೆ ಪ್ಲಾಸ್ಟಿಕ್ ತಿಕ್ಕುವ ಅಂಚಿಗೆ ಒಂದೆಳೆ ಹಚ್ಚಿದರೆ ಆಯಿತು. ಬಾಗಿಲ ರಬ್ಬರಿಗೆ ಸಿಲಿಕೋನ್ ಸ್ಪ್ರೇ ಹೊಡೆದೆ. ಎಂಜಿನ್ ಆಯಿಲ್, ಗ್ರೀಸ್ ಹಚ್ಚಬೇಡಿ, ರಬ್ಬರ್ ಉಬ್ಬಿ ಹಾಳಾಗುತ್ತದೆ. ಇನ್ನೊಂದು ಮಾತು. ಮುಂದಿನ ಗ್ಲಾಸಿಗೂ ಬಾಗಿಲಿಗೂ ನಡುವಿನ ಕಂಬದ ಕವರ್ ಮೇಲೆ ಏರ್‌ಬ್ಯಾಗ್ ಅಂತ ಬರೆದಿದ್ದರೆ ಅದರೊಳಗೆ ಫೋಮ್, ಟೇಪ್ ಏನನ್ನೂ ತುರುಕಬೇಡಿ, ಬ್ಯಾಗ್ ಬಿಚ್ಚಿಕೊಳ್ಳೋದಕ್ಕೆ ಅಡ್ಡ ಬರುತ್ತದೆ. ಹಳದಿ ಬಣ್ಣದ ಪ್ಲಗ್ ಕಂಡರೂ ಕೈ ಹಿಂದೆ ತೆಗೆಯಿರಿ, ಅದು ಏರ್‌ಬ್ಯಾಗಿನ ವೈರಿನದು.

ಡೈರಿಯಲ್ಲಿ ಇನ್ನೂ ಎರಡು ಸಪ್ಪಳ ಉಳಿದಿದ್ದವು. ಸಿಗ್ನಲ್‌ನಲ್ಲಿ ನಿಂತಾಗ ಝುಂಯ್ ಅಂತಿದ್ದದ್ದು ಸೈಲೆನ್ಸರ್ ಪೈಪಿನ ಮೇಲಿನ ತಗಡು. ಅದರ ಬೋಲ್ಟಿನ ತೂತು ತುಕ್ಕು ಹಿಡಿದು ದೊಡ್ಡದಾಗಿತ್ತು. ಪೂರ್ತಿ ತಣ್ಣಗಾದ ಮೇಲೆ ಸ್ಟೀಲಿನ ಹೋಸ್ ಕ್ಲಿಪ್ ಸುತ್ತಿ ಬಿಗಿಸಿದೆವು. ಆ ತಗಡನ್ನು ಕಿತ್ತು ಎಸೆಯುವವರೂ ಇದ್ದಾರೆ. ಅದು ತಪ್ಪು, ಪೈಪಿನ ಬಿಸಿ ಮೇಲಕ್ಕೆ ಹೋಗದ ಹಾಗೆ ತಡೆಯೋದು ಅದೇ.

ಕೊನೆಗೆ ಉಳಿದದ್ದು ಟಕ್ ಟಕ್. ಸಣ್ಣ ಸಣ್ಣ ತಗ್ಗಿನಲ್ಲಿ ಬರುತ್ತಿತ್ತು. ಖಾಲಿ ರಸ್ತೆಯಲ್ಲಿ ಬ್ರೇಕ್ ಪೆಡಲ್ ಹಗುರವಾಗಿ ಒತ್ತಿಕೊಂಡೇ ಹೋಗಿ ನೋಡಿದೆ. ಸಪ್ಪಳ ನಿಂತರೆ ಬ್ರೇಕ್ ಪ್ಯಾಡ್ ಅಲುಗಾಡುತ್ತಿದೆ ಅಂತ. ನಿಲ್ಲಲಿಲ್ಲ. ಇಲ್ಲಿಗೆ ನನ್ನ ಕೆಲಸ ಮುಗಿಯಿತು ಅಂತ ಗೊತ್ತಾಯಿತು. ಬರೀ ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ನಾನು ಹೋಗಲ್ಲ. ಪರಿಚಯದ ಮಿಸ್ತ್ರಿಗೆ ಡೈರಿ ತೋರಿಸಿದೆ. ಓದಿ ನೋಡಿ, ಸೀದಾ ಮುಂದಿನ ಎಡಗಾಲಿಯ ಸ್ಟೆಬಿಲೈಜರ್ ಲಿಂಕ್ (ತಿರುವಿನಲ್ಲಿ ಗಾಡಿ ವಾಲದ ಹಾಗೆ ತಡೆಯುವ ಸರಳಿನ ಕೊಂಡಿ) ಹಿಡಿದು ಅಲುಗಾಡಿಸಿದರು. "ಬಾಲ್ ಜಾಯಿಂಟ್ ಸವದೈತ್ರಿ" ಅಂದರು. ಬೇರೆ ಏನನ್ನೂ ಬಿಚ್ಚಲಿಲ್ಲ. ಲಿಂಕ್ ಬದಲಿಸಿ ಒಂದು ತಾಸಿಗೆ ಗಾಡಿ ಕೊಟ್ಟರು.