ಕಾಂಪೌಂಡ್ ಬಿಲ್ಲು ಕೊಳ್ಳುವ ಮೊದಲು ಎಳೆದು ಹಿಡಿದು ನೋಡಿ

ಬಿಲ್ಲಿನ ಅಂಗಡಿಯಲ್ಲಿ ಮೊದಲು ಹೇಳುವುದೇ ಬಾಣದ ವೇಗ. ಅದನ್ನು ನಂಬಿ ನಾನೂ 30 ಇಂಚಿನ ಬಿಲ್ಲು ತಂದೆ. ಬದಿಯಡ್ಕದ ನಮ್ಮ ಅಡಿಕೆ ಅಂಗಳದಲ್ಲಿ ನಿಂತು ಎಳೆದರೆ ಸೈಟಿನ, ಅಂದರೆ ಗುರಿ ನೋಡುವ ಸಾಧನದ, ಚುಕ್ಕಿ ಗುರಿಹಲಗೆಯ ನಡುವಿನ ಹಳದಿಯಲ್ಲಿ ನಿಲ್ಲುತ್ತಲೇ ಇರಲಿಲ್ಲ. ತಿಂಗಳುಗಟ್ಟಲೆ ನನ್ನ ಕೈಯದ್ದೇ ತಪ್ಪು ಅಂದುಕೊಂಡಿದ್ದೆ.

ಮೊದಲು ಉದ್ದ ನೋಡಿ. ಕಾಂಪೌಂಡ್ ಬಿಲ್ಲಿನ ತುದಿಗಳಲ್ಲಿ ಕ್ಯಾಮ್ ಎಂಬ ಗಾಲಿಗಳಿರುತ್ತವೆ. ಮೇಲಿನ ಕ್ಯಾಮ್‌ನ ಅಚ್ಚಿನಿಂದ ಕೆಳಗಿನದರ ಅಚ್ಚಿಗೆ ಅಳೆಯುತ್ತಾರೆ. ಬೇಟೆಗೆಂದು ಮಾಡಿದವು 30 ಇಂಚಿನ ಆಸುಪಾಸು, ಗುರಿ ಅಭ್ಯಾಸದವು 36ರಿಂದ 40. ಉದ್ದ ಬಿಲ್ಲಿನ ಹೆದೆ ಅಷ್ಟು ಚೂಪಾಗಿ ಮಡಚುವುದಿಲ್ಲ, ಹಾಗಾಗಿ ಪೀಪ್ (ಹೆದೆಯಲ್ಲಿ ಕೂರಿಸಿದ, ಇಣುಕಿ ನೋಡುವ ತೂತು) ಕಣ್ಣಿಗೆ ಹತ್ತಿರ ಬರುತ್ತದೆ, ಬಿಲ್ಲೂ ಸುಲಭಕ್ಕೆ ವಾಲುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ನಮ್ಮಲ್ಲಿ ಬೇಟೆಗೆ ನಿಷೇಧವಿದೆ, ಪೊದೆಯಲ್ಲಿ ನುಸುಳುವ ಗಿಡ್ಡ ಬಿಲ್ಲು ನಮಗ್ಯಾಕೆ?

ಹಿಡಿಗೂ ಹೆದೆಗೂ ನಡುವಿನ ಅಂತರ 7 ಇಂಚು ಇರಲಿ. 6 ಆದರೆ ವೇಗ ಜಾಸ್ತಿ, ಆದರೆ ಬಾಣ ಹೆದೆ ಬಿಡುವುದು ತಡ. ಅಷ್ಟರಲ್ಲಿ ಕೈ ಅಲುಗಿದರೆ ಬಾಣವೂ ತಪ್ಪುತ್ತದೆ.

ಇನ್ನು ಎಳೆತದ ಭಾರ. ಹೆದೆ ಪೂರ್ತಿ ಹಿಂದೆ ಬರುವ ಹೊತ್ತಿಗೆ ಕ್ಯಾಮ್ ತಿರುಗಿ ಎಳೆತ ಇಳಿಯುತ್ತದೆ, 1969ರಲ್ಲಿ ಅಮೆರಿಕದ ಹೊಲೆಸ್ ವಿಲ್ಬರ್ ಅಲೆನ್ ಪೇಟೆಂಟ್ ಪಡೆದದ್ದು ಇಂಥ ಬಿಲ್ಲಿಗೇ. 60 ಪೌಂಡಿನಲ್ಲಿ ಶೇಕಡಾ 80 ಇಳಿದರೆ ಕೈಯಲ್ಲಿ ಉಳಿಯುವುದು 12 ಪೌಂಡ್, 65 ಇಳಿದರೆ 21. ಹಗುರವಾದರೆ ಒಳ್ಳೇದಲ್ವಾ ಅನಿಸುತ್ತದೆ. ಆದರೆ ಬಟ್ಟೆ ಒಣಹಾಕುವ ಹಗ್ಗ ಸಡಿಲವಿದ್ದರೆ ತೂಗಾಡುವುದಿಲ್ವಾ, ಹಾಗೆಯೇ ಇದೂ. ತಾಳಿಕೊಳ್ಳುವಷ್ಟು ಬಿಗಿ ಬೇಕು.

ಫೈಬರ್ ದೋಟಿ ಹಿಡಿದು ಅಡಿಕೆ ಕೊಯ್ದವರಿಗೆ ಸ್ಟೆಬಿಲೈಸರ್, ಅಂದರೆ ಬಿಲ್ಲು ಅಲುಗದಂತೆ ಕಟ್ಟುವ ತೂಕದ ಕೋಲು, ಬೇಗ ಅರ್ಥವಾಗುತ್ತದೆ. ತುದಿಯಲ್ಲಿ ಕತ್ತಿ ಇರುವ ದೋಟಿ ಸುಮ್ನೆ ಅತ್ತಿತ್ತ ತಿರುಗುವುದಿಲ್ಲ. ಮುಂದಿನ ಉದ್ದ ಕೋಲಿನ ತುದಿಗೆ ಸ್ವಲ್ಪ ತೂಕ ಹಾಕಿದರೆ ಬಿಲ್ಲೂ ಹಾಗೆ, ಕೈಯ ಸಣ್ಣ ನಡುಕಕ್ಕೆ ಜಗ್ಗುವುದಿಲ್ಲ. ಮುಂದೆ ಮಾತ್ರ ಹಾಕಿದರೆ ಬಿಲ್ಲು ತಲೆ ಬಗ್ಗಿಸುತ್ತದೆ, ಹಿಂದೆ ಗಿಡ್ಡ ಕೋಲು ಕಟ್ಟಿ ಅದಕ್ಕೆ ಇನ್ನೂ ಜಾಸ್ತಿ ತೂಕ ಕೊಡಿ. ಬಲಗೈಯವರ ಬಿಲ್ಲಿನಲ್ಲಿ ಸೈಟು ಬಲಬದಿಗಿರುತ್ತದೆ, ಆದ್ದರಿಂದ ಆ ಕೋಲು ಎಡಕ್ಕೆ ಹೊರಳಿರಲಿ.

ಈಗ ಪರೀಕ್ಷೆ. ಗುರಿಯ ಹತ್ತಿರವೇ ನಿಂತು, ಸುತ್ತ ಯಾರೂ ಇಲ್ಲವೆಂದು ನೋಡಿ, ಬಾಣ ಹೂಡಿ ಪೂರ್ತಿ ಎಳೆಯಿರಿ, ಬೆರಳು ಹೆದೆ ಬಿಡಿಸುವ ಟ್ರಿಗರ್‌ನಿಂದ ದೂರ. ಕಣ್ಣು ಮುಚ್ಚಿ ಮೂರು ಎಣಿಸಿ, ತೆರೆದು ಸೈಟಿನ ರಸಮಟ್ಟ ನೋಡಿ. ಗುಳ್ಳೆ ಎಡಕ್ಕಿದ್ದರೆ ಬಿಲ್ಲು ಬಲಕ್ಕೆ ವಾಲಿದೆ. ಚುಕ್ಕಿ ಕೆಳಗಿಳಿದಿದ್ದರೆ ಮುಂದೆ ತೂಕ ಜಾಸ್ತಿ. ಒಂದು ಸಲಕ್ಕೆ ಒಂದೇ ಔನ್ಸ್ ಬದಲಿಸಿ, ಮತ್ತೆ ನೋಡಿ. ಪ್ರತಿ ಸಲ ಹೆದೆಯನ್ನು ನಿಧಾನ ಹಿಂದಕ್ಕೆ ತನ್ನಿ. ಬಾಣವಿಲ್ಲದೆ ಎಳೆದು ಬಿಟ್ಟರೆ ಲಿಂಬ್, ಅಂದರೆ ಬಿಲ್ಲಿನ ಬಾಗುವ ತೋಳು, ಸೀಳಬಹುದು, ಮುಖದ ಎದುರೇ.