ಬ್ರೊಮೀಲಿಯಾಡ್ ಸುಳಿಯೊಳಗಿನ ಸೊಳ್ಳೆ: ನನ್ನ ಅನುಭವ

“ಬೆಳಗಾವಿ ಮಳಿಯೊಳಗ ಬ್ರೊಮೀಲಿಯಾಡ್ ಇಟ್ಟರ ಸೊಳ್ಳಿ ತಪ್ಪಂಗಿಲ್ಲ, ಕಿತ್ತು ಒಗೀರಿ” ಅಂದವರೇ ಹೆಚ್ಚು. ಅನಾನಸಿನ ಬಳಗದ ಈ ಅಲಂಕಾರದ ಗಿಡದ ನಡುಸುಳಿಯಲ್ಲಿ, ಎಲೆಸಂದಿಯಲ್ಲಿ ನೀರು ನಿಲ್ಲುತ್ತದೆ, ಅದರಲ್ಲೇ ಸೊಳ್ಳೆ ಹುಟ್ಟುವುದು. ಎರಡು ಮಳೆಗಾಲ ಕಳೆದವು. ಈಗ ನನ್ನಲ್ಲಿ ಸುಮಾರು 80 ಕುಂಡ ಇವೆ, ಸುಳಿಯಲ್ಲಿ ಸೊಳ್ಳೆಮರಿ ಇಲ್ಲ.

ಕಳೆದುಕೊಂಡಿದ್ದು ಕಡಿಮೆಯೇನಲ್ಲ. ಮೊದಲು ಎರಡೆರಡು ಹನಿ ಕೊಬ್ಬರಿ ಎಣ್ಣೆ ಬಿಟ್ಟೆ. ಮರಿ ಸತ್ತವು ನಿಜ, ಆದರೆ ಈ ಗಿಡ ನೀರು ಹೀರುವುದೇ ಎಲೆಯ ಮೇಲಿನ ಹೊಟ್ಟಿನಂಥ ಸಣ್ಣ ರೋಮದಿಂದ. ಅದಕ್ಕೆ ಜಿಡ್ಡು ಹತ್ತಿ 14–15 ಗಿಡದ ಸುಳಿ ಕೊಳೆತವು. ಒಂದಕ್ಕೆ 250 ರೂಪಾಯಿ ಹಿಡಿದು ಲೆಕ್ಕ ಹಾಕಿ. ತಾಮ್ರದ ತುಂಡು ಹಾಕುವ ಸಲಹೆಯನ್ನಂತೂ ಕೇಳಲೇಬೇಡಿ, ಬ್ರೊಮೀಲಿಯಾಡ್‌ಗೆ ತಾಮ್ರವೇ ವಿಷ. ವಾರಕ್ಕೊಮ್ಮೆ ಕುಂಡ ಬೋರಲು ಹಾಕಿಸಿದರೆ ಆಳಿನ ಅರ್ಧ ದಿನದ ಪಗಾರ, ಮುರಿದ ಎಲೆ, ನಾಲ್ಕೇ ದಿನಕ್ಕೆ ಮತ್ತೆ ಮರಿ.

ಡೆಂಗಿ ಹರಡುವ ಏಡಿಸ್ ಸೊಳ್ಳೆ ಮೊಟ್ಟೆಯನ್ನು ನೀರಿನ ಗೆರೆಗಿಂತ ತುಸು ಮೇಲೆ, ಎಲೆಯ ಒಳಮೈಗೆ ಅಂಟಿಸುತ್ತದೆ. ನೀರು ಚೆಲ್ಲಿದರೂ ಮೊಟ್ಟೆ ಅಲ್ಲೇ. ತಿಂಗಳುಗಟ್ಟಲೆ ಒಣಗಿದ್ದರೂ ಸಾಯದು, ನೀರು ಮುಟ್ಟಿದರೆ ಒಡೆಯುತ್ತದೆ. ಅಂದರೆ ನೀರು ಬದಲಿಸಿ ಬದಲಿಸಿ ಮರಿ ಮಾಡಿಸುತ್ತಿದ್ದವನು ನಾನೇ!

ಬಿಟಿಐ ಅಂದರೆ ಸೊಳ್ಳೆಮರಿ ಕೊಲ್ಲುವ ಒಂದು ಬ್ಯಾಕ್ಟೀರಿಯಾದ ಪುಡಿ. ಅದೊಂದನ್ನೇ ಹಾಕಿದರೂ ಅರ್ಧ ಕೆಲಸ. ಅದನ್ನು ತಿಂದ ಮರಿ ಸಾಯುತ್ತದೆ. ಆದರೆ ಮರಿ ಬೆಳೆದು ಆಗುವ ಅಲ್ಪವಿರಾಮದ ಆಕಾರದ ಕೋಶ ಏನೂ ತಿನ್ನುವುದಿಲ್ಲ, ಎರಡು ದಿನದಲ್ಲಿ ಸೊಳ್ಳೆಯಾಗಿ ಹಾರುತ್ತದೆ. ಕೊಳೆತ ಎಲೆ ತುಂಬಿದ ಸುಳಿಯಲ್ಲಿ ಪುಡಿಯ ಕಸುವೂ ಬೇಗ ಇಳಿಯುತ್ತದೆ.

ಅದಕ್ಕೇ ಈಗ ಏಳು ದಿನಕ್ಕೊಮ್ಮೆ ಸುಳಿ ತೊಳೆಯುವುದು, ಬಿಟಿಐ ಹಾಕುವುದು ಎರಡನ್ನೂ ಒಂದೇ ಬೆಳಿಗ್ಗೆ ಮಾಡುವುದು. ಅರ್ಧ ಇಂಚಿನ ಪೈಪಿನ ಬಾಯಿಯನ್ನು ಹೆಬ್ಬೆರಳಿಂದ ಒತ್ತಿ, ಸುಳಿಗೆ ಓರೆಯಾಗಿ ಹತ್ತು ಎಣಿಸುವವರೆಗೆ ನೀರು ಬಿಡಬೇಕು. ಕೋಶ, ಕಸ ತುಳುಕಿ ಮಣ್ಣಿಗೆ ಬೀಳುತ್ತವೆ. ಕುಂಡದಡಿ ತಟ್ಟೆ ಇರಬಾರದು, ಇದ್ದರೆ ಅಲ್ಲೇ ಬೆಳೆಯುತ್ತವೆ. ಬೆನ್ನಿಗೇ ಬಿಟಿಐ ಕಲಸಿದ ನೀರು: ನಡುಸುಳಿಗೆ 30 ಮಿ.ಲೀ., ಹೊರಗಿನ ಪ್ರತಿ ಎಲೆಸಂದಿಗೆ 5 ಮಿ.ಲೀ. ಹೊರಸಂದಿ ಮರೆತರೆ ಮಾಡಿದ್ದೆಲ್ಲ ನೀರಲ್ಲಿ ಹೋಮ. ಕಲಸುವ ಪ್ರಮಾಣ ನನ್ನಲ್ಲೇ ಇರಲಿ. ಪುಡಿಯ ಪೊಟ್ಟಣದ ಚೀಟಿಯಲ್ಲಿನ ಅಳತೆ ಮೀರಿಲ್ಲ ಅಂತಷ್ಟೇ ಹೇಳುತ್ತೇನೆ. ಜೋರು ಮಳೆ ಹೊಡೆದರೆ ತೊಳೆದು ಹೋಗುತ್ತದೆ, ಮರುದಿನ ಮತ್ತೆ ಹಾಕಬೇಕು. ಪುಡಿ, ಆಳು ಸೇರಿ ಮಳೆಗಾಲವೊಂದಕ್ಕೆ 2,000 ರೂಪಾಯಿ ಆಸುಪಾಸು.

ಪರೀಕ್ಷೆಗೆ ಉದ್ದ ಮೂತಿಯ ಪಿಚಕಾರಿಯಲ್ಲಿ ನೀರೆಳೆದು ಬಿಳಿ ಬಟ್ಟಲಿಗೆ ಬಿಡಿ. ಕೈಯ ನೆರಳು ಬಿದ್ದೊಡನೆ ಕೊಂಕುತ್ತ ತಳಕ್ಕಿಳಿದರೆ ಮರಿ ಇನ್ನೂ ಜೀವಂತ.

ತೋಟದಲ್ಲಿ ನೀರು ನಿಂತು ಸೊಳ್ಳೆ ಹುಟ್ಟುವ ಬೇರೆ ಜಾಗಗಳೂ ಇವೆ. ಬಿದಿರಿನ ಮೋಟನ್ನು ಗೆಣ್ಣಿಗೆ ಸರಿಯಾಗಿ ಕೊಯ್ದರೆ ಬಟ್ಟಲೇ ಉಳಿಯುವುದಿಲ್ಲ. ಮಾವಿನ ಪೊಟರೆಗೆ ಸಿಮೆಂಟ್ ಮೆತ್ತಿದ್ದು ತಪ್ಪಾಯಿತು: ಮರ ಬೆಳೆದಂತೆ ಅಂಚು ಬಿರಿದು ಅಲ್ಲೇ ನೀರು ನಿಂತಿತು. ಒಡೆದು ತೆಗೆದು ಬಾಯಿತನಕ ಉಸುಕು ತುಂಬಿದೆ, ಎರಡು ಬುಟ್ಟಿ ಹಿಡಿಯಿತು. ಕೆಸುವಿನೆದುರು ಮಾತ್ರ ಇನ್ನೂ ಸೋಲು. ಹಳೆ ಎಲೆಯನ್ನು ಬುಡಕ್ಕೆ ಕೊಯ್ದರೂ ಹೊಸ ಸಂದಿಯಲ್ಲಿ ಒಂದು ಚಮಚ ನೀರು ನಿಲ್ಲುತ್ತದೆ, ಅಲ್ಲಿಗೆ ಸದ್ಯ ಪಿಚಕಾರಿಯೇ ಗತಿ.